ಮುಂಡಗೋಡ ಟಿಬೆಟನ್ನರ ಪೌರತ್ವ

ಮುಂಡಗೋಡ ಟಿಬೆಟನ್ನರ ಪೌರತ್ವ ಎಂಬುದು ಕರ್ನಾಟಕ ರಾಜ್ಯದ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ ನೆಲೆಸಿರುವ ಟಿಬೆಟನ್ ನಿರಾಶ್ರಿತರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು ಭಾರತದ ಪೌರರೇ ಅಲ್ಲವೇ ಎಂಬ ಕಾನೂನಿನ ಪ್ರಶ್ನೆಯಾಗಿದೆ. ಈ ನೆಲೆಯಲ್ಲಿ ಜನಿಸಿದವರ ಪೌರತ್ವವು ಹುಟ್ಟಿದ ಸ್ಥಳ, ಹುಟ್ಟಿದ ದಿನಾಂಕ ಹಾಗೂ ತಂದೆ-ತಾಯಿಯ ಪೌರತ್ವ ಎಂಬ ಮೂರು ಅಂಶಗಳನ್ನು ಅವಲಂಬಿಸಿದೆ. ಇದರಿಂದಾಗಿ ಒಂದೇ ಮನೆಯ ಅಣ್ಣ ಭಾರತೀಯ ಪೌರನಾಗಿದ್ದು, ತಮ್ಮ ಕಾನೂನಿನ ದೃಷ್ಟಿಯಲ್ಲಿ ವಿದೇಶೀಯನಾಗಿ ಉಳಿಯುವ ಸಂದರ್ಭಗಳಿವೆ. ಈ ಪ್ರಶ್ನೆಯು ದೆಹಲಿ ಮತ್ತು ಕರ್ನಾಟಕ ಉಚ್ಚ ನ್ಯಾಯಾಲಯಗಳ ಮುಂದೆ ಬಂದು ಮಹತ್ವದ ತೀರ್ಪುಗಳಿಗೆ ಕಾರಣವಾಗಿದೆ.

ಹಿನ್ನೆಲೆ

1959ರ ಮಾರ್ಚ್ ತಿಂಗಳಲ್ಲಿ 14ನೆಯ ದಲಾಯಿ ಲಾಮಾ ಅವರು ಟಿಬೆಟ್ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಜನ ಹಿಮಾಲಯವನ್ನು ದಾಟಿ ಬಂದು ಆಶ್ರಯ ಪಡೆದರು. ಅವರ ಪುನರ್ವಸತಿಗಾಗಿ ಭಾರತ ಸರ್ಕಾರವು ರಾಜ್ಯಗಳಿಂದ ಭೂಮಿಯನ್ನು ಕೋರಿದಾಗ ಅಂದಿನ ಮೈಸೂರು ರಾಜ್ಯವು ಉದಾರವಾಗಿ ಸ್ಪಂದಿಸಿತು. ಮೊದಲು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ, ಅನಂತರ ಮುಂಡಗೋಡ, ಹುಣಸೂರು ಮತ್ತು ಕೊಳ್ಳೇಗಾಲ ಪ್ರದೇಶಗಳಲ್ಲಿ ಟಿಬೆಟನ್ ನೆಲೆಗಳು ಸ್ಥಾಪನೆಗೊಂಡವು.

ಮುಂಡಗೋಡದ ನೆಲೆಯು 1966ರಲ್ಲಿ ಆರಂಭವಾಯಿತು. ಟಿಬೆಟನ್ ಭಾಷೆಯಲ್ಲಿ ಇದಕ್ಕೆ ದೋಗುಲಿಂಗ್ ಎಂದು ಹೆಸರು. ಎಸ್. ನಿಜಲಿಂಗಪ್ಪನವರು ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಸುಮಾರು 4,000 ಎಕರೆ ಅರಣ್ಯಭೂಮಿಯನ್ನು ಕಡಿದು ಸಮತಟ್ಟುಗೊಳಿಸಿ ಕೃಷಿಗೆ ಒದಗಿಸಲಾಯಿತು. ಶೀತಪ್ರದೇಶದಿಂದ ಬಂದ ಜನ ಮಲೆನಾಡಿನ ಅಂಚಿನ ಮಳೆ ಮತ್ತು ಸೆಕೆಗೆ ಹೊಂದಿಕೊಂಡು ಭತ್ತ, ಗೋವಿನಜೋಳ ಬೆಳೆಯುವುದನ್ನು ಕಲಿತರು. ಪಶ್ಚಿಮ ಬಂಗಾಳದ ಬುಕ್ಸಾ ಕೋಟೆಯಲ್ಲಿ ತಂಗಿದ್ದ ಭಿಕ್ಷುಗಳು ದಕ್ಷಿಣಕ್ಕೆ ಬಂದ ಬಳಿಕ ಟಿಬೆಟ್‌ನ ಪ್ರಸಿದ್ಧ ವಿದ್ಯಾಪೀಠಗಳಾದ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡದಲ್ಲಿ ಮರುಸ್ಥಾಪನೆಗೊಂಡವು. ಸ್ಥಳೀಯರು ಇಲ್ಲಿನ ಹಳ್ಳಿಗಳನ್ನು ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ.

ತಾತ್ಕಾಲಿಕವೆಂದು ಭಾವಿಸಿದ್ದ ಈ ವಾಸವು ಮೂರು ತಲೆಮಾರುಗಳನ್ನು ಕಂಡಿದೆ. ಟಿಬೆಟ್ಟನ್ನು ಕಣ್ಣಾರೆ ಕಂಡವರ ಸಂಖ್ಯೆ ಕಡಿಮೆಯಾಗುತ್ತಿದ್ದು, ಮುಂಡಗೋಡದಲ್ಲಿಯೇ ಹುಟ್ಟಿ, ಕನ್ನಡ ಮತ್ತು ಹಿಂದಿಯನ್ನು ಕಲಿತು ಬೆಳೆದವರ ಸಂಖ್ಯೆ ಹೆಚ್ಚಾಗಿದೆ. ಇವರ ಪೌರತ್ವದ ಪ್ರಶ್ನೆ ಹುಟ್ಟಿದ್ದು ಈ ಬದಲಾವಣೆಯಿಂದಲೇ.

ಪೌರತ್ವದ ಎರಡು ತತ್ತ್ವಗಳು

ಜಗತ್ತಿನ ಬಹುತೇಕ ರಾಷ್ಟ್ರಗಳು ಹುಟ್ಟಿನಿಂದ ಬರುವ ಪೌರತ್ವವನ್ನು ಎರಡು ತತ್ತ್ವಗಳ ಆಧಾರದ ಮೇಲೆ ನಿರ್ಧರಿಸುತ್ತವೆ.

ಮೊದಲನೆಯದು ಜನ್ಮಭೂಮಿ ತತ್ತ್ವ. ಲ್ಯಾಟಿನ್ ಭಾಷೆಯಲ್ಲಿ ಇದನ್ನು ‘ಜಸ್ ಸೋಲಿ’ ಎನ್ನುತ್ತಾರೆ. ಮಗು ಯಾವ ದೇಶದ ನೆಲದಲ್ಲಿ ಹುಟ್ಟುತ್ತದೆಯೋ ಆ ದೇಶದ ಪೌರತ್ವವನ್ನು ಪಡೆಯುತ್ತದೆ. ತಂದೆ-ತಾಯಿ ಯಾವ ದೇಶದವರು ಎಂಬುದು ಇಲ್ಲಿ ಮುಖ್ಯವಲ್ಲ.

ಎರಡನೆಯದು ವಂಶ ತತ್ತ್ವ ಅಥವಾ ರಕ್ತಸಂಬಂಧ ತತ್ತ್ವ. ಲ್ಯಾಟಿನ್‌ನಲ್ಲಿ ‘ಜಸ್ ಸಾಂಗ್ವಿನಿಸ್’. ಮಗು ಎಲ್ಲಿಯೇ ಹುಟ್ಟಲಿ, ತಂದೆ ಅಥವಾ ತಾಯಿಯ ಪೌರತ್ವವೇ ಅದಕ್ಕೂ ಬರುತ್ತದೆ. ಕೆಲವು ದೇಶಗಳು ಅಜ್ಜ-ಅಜ್ಜಿಯರವರೆಗೂ ಈ ಸಂಬಂಧವನ್ನು ಮಾನ್ಯ ಮಾಡುತ್ತವೆ.

ಸ್ವತಂತ್ರ ಭಾರತವು ಮೊದಲಿಗೆ ಜನ್ಮಭೂಮಿ ತತ್ತ್ವವನ್ನು ಉದಾರವಾಗಿ ಒಪ್ಪಿಕೊಂಡಿತು. ಅನಂತರದ ತಿದ್ದುಪಡಿಗಳ ಮೂಲಕ ಹಂತಹಂತವಾಗಿ ವಂಶ ತತ್ತ್ವದತ್ತ ಸರಿಯಿತು. ಮುಂಡಗೋಡದ ಟಿಬೆಟನ್ ಕುಟುಂಬಗಳ ಮೂರು ತಲೆಮಾರುಗಳು ಸರಿಯಾಗಿ ಈ ಪರಿವರ್ತನೆಯ ಕಾಲಾವಧಿಯಲ್ಲೇ ಹುಟ್ಟಿರುವುದರಿಂದ ಕಾನೂನಿನ ಪ್ರತಿಯೊಂದು ಬದಲಾವಣೆಯೂ ಅವರನ್ನು ತಟ್ಟಿದೆ.

ಭಾರತದ ಕಾನೂನು

ಸಂವಿಧಾನದ 5ರಿಂದ 11ರವರೆಗಿನ ವಿಧಿಗಳು ಸಂವಿಧಾನ ಜಾರಿಗೆ ಬಂದ ಕಾಲದಲ್ಲಿ ಯಾರು ಪೌರರು ಎಂಬುದನ್ನು ನಿರ್ಧರಿಸುತ್ತವೆ. ಮುಂದಿನ ಕಾಲಕ್ಕೆ ಕಾನೂನು ರಚಿಸುವ ಅಧಿಕಾರವನ್ನು 11ನೆಯ ವಿಧಿಯು ಸಂಸತ್ತಿಗೆ ನೀಡಿದೆ. ಅದರಂತೆ ಪೌರತ್ವ ಕಾಯ್ದೆ, 1955 ರೂಪುಗೊಂಡಿತು. ಈ ಕಾಯ್ದೆಯ 3ನೆಯ ಕಲಮು ಭಾರತದಲ್ಲಿ ಹುಟ್ಟಿದವರನ್ನೂ 4ನೆಯ ಕಲಮು ಹೊರದೇಶದಲ್ಲಿ ಭಾರತೀಯರಿಗೆ ಹುಟ್ಟಿದವರನ್ನೂ ಕುರಿತದ್ದಾಗಿದೆ.

3ನೆಯ ಕಲಮಿನ ಪ್ರಕಾರ ಭಾರತದಲ್ಲಿ ಹುಟ್ಟಿದವರನ್ನು ಮೂರು ಕಾಲಾವಧಿಗಳಾಗಿ ವಿಂಗಡಿಸಬಹುದು.

1. 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮೊದಲು ಹುಟ್ಟಿದವರು: ತಂದೆ-ತಾಯಿಯ ಪೌರತ್ವ ಯಾವುದೇ ಇದ್ದರೂ ಇವರು ಭಾರತದ ಪೌರರು. ವಿದೇಶಿ ರಾಯಭಾರಿಗಳ ಮಕ್ಕಳು ಮತ್ತು ಶತ್ರುವಿನ ವಶದಲ್ಲಿದ್ದ ಪ್ರದೇಶದಲ್ಲಿ ಶತ್ರುದೇಶದವರಿಗೆ ಹುಟ್ಟಿದ ಮಕ್ಕಳು ಮಾತ್ರ ಇದಕ್ಕೆ ಅಪವಾದ.

2. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ಕ್ಕಿಂತ ಮೊದಲು ಹುಟ್ಟಿದವರು: ಹುಟ್ಟಿದ ಸಮಯದಲ್ಲಿ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಾದರೂ ಭಾರತದ ಪೌರರಾಗಿರಬೇಕು.

3. 2004ರ ಡಿಸೆಂಬರ್ 3ರಂದು ಮತ್ತು ಅನಂತರ ಹುಟ್ಟಿದವರು: ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ‘ಅಕ್ರಮ ವಲಸಿಗ’ ಆಗಿರಬಾರದು.

1986ರ ತಿದ್ದುಪಡಿಯಿಂದ ಎರಡನೆಯ ನಿಯಮವೂ 2003ರ ತಿದ್ದುಪಡಿಯಿಂದ ಮೂರನೆಯ ನಿಯಮವೂ ಬಂದವು. ಅಸ್ಸಾಮಿನ ಚಳವಳಿ ಮತ್ತು ನೆರೆದೇಶಗಳಿಂದ ಬರುತ್ತಿದ್ದ ವಲಸೆ 1986ರ ತಿದ್ದುಪಡಿಯ ಹಿನ್ನೆಲೆಯಲ್ಲಿದ್ದವು. ಟಿಬೆಟನ್ನರನ್ನು ಗಮನದಲ್ಲಿರಿಸಿ ಈ ಬದಲಾವಣೆಗಳು ಆಗಲಿಲ್ಲವಾದರೂ ಪರಿಣಾಮ ಅವರ ಮೇಲೂ ಆಯಿತು.

ಮೂರನೆಯ ನಿಯಮದಲ್ಲಿ ಬರುವ ‘ಅಕ್ರಮ ವಲಸಿಗ’ ಎಂಬ ಪದಕ್ಕೆ ಕಾಯ್ದೆಯ 2ನೆಯ ಕಲಮು ವ್ಯಾಖ್ಯೆ ನೀಡುತ್ತದೆ. ಸೂಕ್ತ ಪ್ರಯಾಣ ದಾಖಲೆಗಳಿಲ್ಲದೆ ಭಾರತವನ್ನು ಪ್ರವೇಶಿಸಿದ, ಅಥವಾ ದಾಖಲೆಯೊಂದಿಗೆ ಪ್ರವೇಶಿಸಿ ಅವಧಿ ಮೀರಿ ಉಳಿದ ವಿದೇಶೀಯ ಎಂಬುದು ಅದರ ಸಾರ. ಈ ವ್ಯಾಖ್ಯೆಯು ದೇಶವನ್ನು ‘ಪ್ರವೇಶಿಸಿದ’ ವ್ಯಕ್ತಿಯ ಕುರಿತಾದದ್ದು ಎಂಬುದನ್ನು ಗಮನಿಸಬೇಕು. ಇಲ್ಲಿಯೇ ಹುಟ್ಟಿದವರು ಹೊರಗಿನಿಂದ ಪ್ರವೇಶಿಸಿದವರಲ್ಲ.

ಒಂದು ಕುಟುಂಬದಲ್ಲಿ ನಿಯಮಗಳ ಅನ್ವಯ

ಈ ನಿಯಮಗಳನ್ನು ಅರ್ಥಮಾಡಿಕೊಳ್ಳಲು ಒಂದು ಕಾಲ್ಪನಿಕ ಕುಟುಂಬವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಟಿಬೆಟ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿ ಭಾರತಕ್ಕೆ ಬಂದ ದಂಪತಿಗಳು ಮುಂಡಗೋಡದಲ್ಲಿ ನೆಲೆಸಿದ್ದಾರೆ ಎಂದಿಟ್ಟುಕೊಳ್ಳೋಣ. ಅವರಿಬ್ಬರೂ ಭಾರತದ ಪೌರರಲ್ಲ.

ಅವರ ಹಿರಿಯ ಮಗಳು 1975ರಲ್ಲಿ ಮುಂಡಗೋಡದಲ್ಲಿ ಹುಟ್ಟಿದಳು. ಮೊದಲ ನಿಯಮದಂತೆ ಆಕೆ ಹುಟ್ಟಿನಿಂದಲೇ ಭಾರತದ ಪೌರಳು. ಕಿರಿಯ ಮಗ ಅದೇ ಊರಿನಲ್ಲಿ 1989ರಲ್ಲಿ ಹುಟ್ಟಿದನು. ಆಗ ಎರಡನೆಯ ನಿಯಮ ಜಾರಿಯಲ್ಲಿತ್ತು. ತಂದೆ-ತಾಯಿ ಇಬ್ಬರೂ ಪೌರರಲ್ಲದ ಕಾರಣ ಅವನು ಹುಟ್ಟಿನಿಂದ ಪೌರನಲ್ಲ.

ಹಿರಿಯ ಮಗಳಿಗೆ 1998ರಲ್ಲಿ ಮಗು ಹುಟ್ಟಿದರೆ, ಗಂಡ ಪೌರನಲ್ಲದಿದ್ದರೂ ತಾಯಿಯ ಮೂಲಕ ಆ ಮಗು ಭಾರತದ ಪೌರತ್ವ ಪಡೆಯುತ್ತದೆ. ಕಿರಿಯ ಮಗನಿಗೆ 2015ರಲ್ಲಿ ಮಗು ಹುಟ್ಟಿ, ಅವನ ಪತ್ನಿಯೂ ಪೌರಳಲ್ಲದಿದ್ದರೆ, ಆ ಮಗು ಪೌರತ್ವ ಪಡೆಯುವುದಿಲ್ಲ. ಅಂದರೆ ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳಲ್ಲಿ ಒಬ್ಬರು ಮತ ಹಾಕಬಲ್ಲರು, ಇನ್ನೊಬ್ಬರು ವಿದೇಶೀಯರೆಂದು ಪೊಲೀಸ್ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. 1987ರ ಜೂನ್ 30ರಂದು ಹುಟ್ಟಿದ ಮಗುವಿಗೂ ಮರುದಿನ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೂ ಕಾನೂನು ಇಷ್ಟೇ ದೊಡ್ಡ ಅಂತರವನ್ನು ಕಲ್ಪಿಸಿದೆ.

ಮೊದಲ ಕಾಲಾವಧಿಯಲ್ಲಿ ಹುಟ್ಟಿದವರ ಪೌರತ್ವ ಅವರೊಬ್ಬರಿಗೆ ಸೀಮಿತವಲ್ಲ ಎಂಬುದು ಈ ಉದಾಹರಣೆಯಿಂದ ತಿಳಿಯುತ್ತದೆ. ಅದು ಮುಂದಿನ ತಲೆಮಾರಿಗೆ ವಂಶದ ಮೂಲಕ ಹರಿಯುವ ಹಕ್ಕಿನ ಮೂಲವಾಗಿದೆ.

ನ್ಯಾಯಾಲಯದ ತೀರ್ಪುಗಳು

ಕಾಯ್ದೆಯ ಮಾತು ಸ್ಪಷ್ಟವಾಗಿದ್ದರೂ ಬಹುಕಾಲ ಅಧಿಕಾರಿಗಳು ಭಾರತದಲ್ಲಿ ಹುಟ್ಟಿದ ಟಿಬೆಟನ್ನರನ್ನು ನಿರಾಶ್ರಿತರೆಂದೇ ಪರಿಗಣಿಸಿ ಪಾಸ್‌ಪೋರ್ಟ್ ನಿರಾಕರಿಸುತ್ತಿದ್ದರು. ಈ ಕ್ರಮವು ನ್ಯಾಯಾಲಯಗಳಲ್ಲಿ ಪ್ರಶ್ನೆಗೊಳಗಾಯಿತು.

ನಮ್‌ಗ್ಯಾಲ್ ಡೋಲ್ಕರ್ ಪ್ರಕರಣ (2010): ಹಿಮಾಚಲ ಪ್ರದೇಶದ ಕಾಂಗ್ಡಾದಲ್ಲಿ 1986ರಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಅವರ ಪಾಸ್‌ಪೋರ್ಟ್ ಅರ್ಜಿ ತಿರಸ್ಕೃತವಾಯಿತು. 2010ರ ಡಿಸೆಂಬರ್ 22ರಂದು ದೆಹಲಿ ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪು ನೀಡಿತು. 1987ರ ಜುಲೈಗೆ ಮೊದಲು ಭಾರತದಲ್ಲಿ ಹುಟ್ಟಿದವರಿಗೆ ತಂದೆ-ತಾಯಿಯ ರಾಷ್ಟ್ರೀಯತೆಯ ಷರತ್ತನ್ನು ಕಾಯ್ದೆ ವಿಧಿಸಿಲ್ಲವೆಂದೂ, ಹಿಂದೆ ಯಾವುದೋ ಅರ್ಜಿಯಲ್ಲಿ ತನ್ನನ್ನು ‘ಟಿಬೆಟನ್’ ಎಂದು ಬರೆದುಕೊಂಡ ಮಾತ್ರಕ್ಕೆ ಹುಟ್ಟಿನಿಂದ ಬಂದ ಪೌರತ್ವ ಹೋಗುವುದಿಲ್ಲವೆಂದೂ ನ್ಯಾಯಾಲಯ ಹೇಳಿತು.

ಲಿಂಗ್ ರಿನ್‌ಪೋಚೆ ಪ್ರಕರಣ (2013): ಈ ಪ್ರಕರಣವು ಮುಂಡಗೋಡಕ್ಕೆ ನೇರವಾಗಿ ಸಂಬಂಧಿಸಿದ್ದು. ದಲಾಯಿ ಲಾಮಾ ಅವರ ಹಿರಿಯ ಗುರುಗಳಾಗಿದ್ದ 6ನೆಯ ಲಿಂಗ್ ರಿನ್‌ಪೋಚೆಯವರ ಪುನರ್ಜನ್ಮವೆಂದು ಗುರುತಿಸಲಾದ ತೆನ್‌ಜಿನ್ ಚೋಫಾಗ್ ಲಿಂಗ್ ರಿನ್‌ಪೋಚೆ 1985ರಲ್ಲಿ ಭಾರತದಲ್ಲಿ ಹುಟ್ಟಿದರು. ಅವರು ಮುಂಡಗೋಡದ ಡ್ರೆಪುಂಗ್ ಲೋಸೆಲಿಂಗ್ ಮಠದಲ್ಲಿ ಅಧ್ಯಯನ ನಡೆಸಿದವರು. ಅವರು ಸಲ್ಲಿಸಿದ ರಿಟ್ ಅರ್ಜಿಯ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಅವರು ಹುಟ್ಟಿನಿಂದ ಭಾರತೀಯ ಪೌರರೆಂದು ಎತ್ತಿಹಿಡಿಯಿತು. ಇದರಿಂದ ಕರ್ನಾಟಕದ ಟಿಬೆಟನ್ ನೆಲೆಗಳಲ್ಲಿ ಆ ಅವಧಿಯಲ್ಲಿ ಹುಟ್ಟಿದ ಉಳಿದವರಿಗೂ ದಾರಿ ತೆರೆಯಿತು.

ಫುಂಟ್ಸೊಕ್ ವಾಂಗ್ಯಾಲ್ ಪ್ರಕರಣ (2016): ಮೇಲಿನ ತೀರ್ಪುಗಳ ನಂತರವೂ ಪಾಸ್‌ಪೋರ್ಟ್ ನಿರಾಕರಣೆ ಪೂರ್ಣವಾಗಿ ನಿಲ್ಲಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ನಿಗದಿತ ಅವಧಿಯಲ್ಲಿ ಭಾರತದಲ್ಲಿ ಹುಟ್ಟಿದ ಟಿಬೆಟನ್ನರಿಗೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದು ಮತ್ತೊಮ್ಮೆ ಸ್ಪಷ್ಟಪಡಿಸಿತು.

ಮತದಾನ ಮತ್ತು ಪಾಸ್‌ಪೋರ್ಟ್

2014ರ ಫೆಬ್ರವರಿಯಲ್ಲಿ, ಲೋಕಸಭಾ ಚುನಾವಣೆಗೆ ಮುನ್ನ, ಭಾರತದ ಚುನಾವಣಾ ಆಯೋಗವು 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಬೇಕೆಂದು ರಾಜ್ಯಗಳಿಗೆ ನಿರ್ದೇಶನ ನೀಡಿತು.

2017ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯವು ಇಂತಹವರ ಪಾಸ್‌ಪೋರ್ಟ್ ಅರ್ಜಿಗಳನ್ನು ಪರಿಗಣಿಸುವಂತೆ ಪಾಸ್‌ಪೋರ್ಟ್ ಕಚೇರಿಗಳಿಗೆ ಸೂಚಿಸಿತು. ಅದೇ ವರ್ಷ ಕೆಲವು ಷರತ್ತುಗಳನ್ನೂ ಪ್ರಕಟಿಸಲಾಯಿತು. ಅರ್ಜಿದಾರರು ತಮ್ಮ ವಿದೇಶೀಯ ನೋಂದಣಿ ಪತ್ರ ಮತ್ತು ಗುರುತಿನ ಪ್ರಮಾಣಪತ್ರಗಳನ್ನು ರದ್ದುಗೊಳಿಸಿಕೊಳ್ಳಬೇಕು, ಟಿಬೆಟನ್ ನೆಲೆಯಲ್ಲಿ ವಾಸಿಸಬಾರದು ಮತ್ತು ನಿರಾಶ್ರಿತರೆಂಬ ನೆಲೆಯಲ್ಲಿ ದೊರೆಯುವ ಸೌಲಭ್ಯಗಳನ್ನು ಬಿಟ್ಟುಕೊಡಬೇಕು ಎಂಬುದು ಅವುಗಳ ತಾತ್ಪರ್ಯ.

ಹುಟ್ಟಿದ ಮನೆ, ವೃದ್ಧ ತಂದೆ-ತಾಯಿ, ಹೊಲ, ಮಠ ಎಲ್ಲವೂ ನೆಲೆಯೊಳಗೇ ಇರುವವರಿಗೆ ಈ ಷರತ್ತು ಕಠಿಣವಾದ ಆಯ್ಕೆಯನ್ನು ಮುಂದಿಟ್ಟಿತು. ನೆಲೆಯ ಭೂಮಿ ವ್ಯಕ್ತಿಗಳ ಸ್ವಂತ ಆಸ್ತಿಯಲ್ಲ. ಅದು ಪುನರ್ವಸತಿಗಾಗಿ ನೀಡಿದ ಭೂಮಿ. ಆದ್ದರಿಂದ ಅದನ್ನು ಮಾರಿ ಬೇರೆಡೆ ಮನೆ ಕೊಳ್ಳುವ ಅವಕಾಶವೂ ಇಲ್ಲ.

ಪೌರರಲ್ಲದವರ ಸ್ಥಿತಿ

ಪೌರತ್ವವಿಲ್ಲದ ಟಿಬೆಟನ್ನರು ಕಾನೂನಿನಲ್ಲಿ ವಿದೇಶೀಯರು. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನನ್ನೂ ಮಾಡಿಲ್ಲ. ಬಹುಕಾಲ 1939 ಮತ್ತು 1946ರ ವಿದೇಶೀಯರ ಕಾಯ್ದೆಗಳೇ ಇವರಿಗೂ ಅನ್ವಯವಾಗುತ್ತಿದ್ದವು. ಇವುಗಳ ಬದಲಿಗೆ ವಲಸೆ ಮತ್ತು ವಿದೇಶೀಯರ ಕಾಯ್ದೆ, 2025 ಬಂದಿದೆ. ಟಿಬೆಟನ್ನರ ಕಲ್ಯಾಣಕ್ಕಾಗಿ ಕೇಂದ್ರ ಗೃಹ ಸಚಿವಾಲಯವು 2014ರಲ್ಲಿ ಟಿಬೆಟನ್ ಪುನರ್ವಸತಿ ನೀತಿಯನ್ನು ರೂಪಿಸಿತು.

ಇವರಿಗೆ ಎರಡು ದಾಖಲೆಗಳು ಮುಖ್ಯವಾದವು. ಭಾರತದಲ್ಲಿ ವಾಸಿಸಲು ನೋಂದಣಿ ಪತ್ರವಿರಬೇಕು. ಇದನ್ನು ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬದಲು ಗುರುತಿನ ಪ್ರಮಾಣಪತ್ರ ನೀಡಲಾಗುತ್ತದೆ. ಇದರ ಹೊದಿಕೆ ಹಳದಿ ಬಣ್ಣದ್ದು. ಪೌರರಲ್ಲದವರಿಗೆ ಮತದಾನದ ಹಕ್ಕಿಲ್ಲ. ಸಂವಿಧಾನದ 14 ಮತ್ತು 21ನೆಯ ವಿಧಿಗಳು ನೀಡುವ ಸಮಾನತೆ ಹಾಗೂ ಜೀವದ ರಕ್ಷಣೆ ಮಾತ್ರ ಎಲ್ಲ ವ್ಯಕ್ತಿಗಳಿಗೂ ಅನ್ವಯಿಸುತ್ತದೆ.

2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಬೌದ್ಧರ ಹೆಸರಿರುವುದರಿಂದ ಅದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ಕೆಲವರು ತಿಳಿಯುವುದುಂಟು. ಅದು ಸರಿಯಲ್ಲ. ಆ ಕಾಯ್ದೆಯು ಅಫ್ಘಾನಿಸ್ತಾನ, ಬಾಂಗ್ಲಾದೇಶ ಮತ್ತು ಪಾಕಿಸ್ತಾನದಿಂದ ಬಂದವರಿಗೆ ಮಾತ್ರ ಸೀಮಿತವಾಗಿದೆ.

ಹೊರದೇಶದಲ್ಲಿ ಹುಟ್ಟಿದ ಮಕ್ಕಳು

ಭಾರತೀಯ ಪೌರರ ಮಕ್ಕಳು ಹೊರದೇಶದಲ್ಲಿ ಹುಟ್ಟಿದರೆ 4ನೆಯ ಕಲಮಿನ ಪ್ರಕಾರ ವಂಶದಿಂದ ಪೌರತ್ವ ಪಡೆಯಬಹುದು. 1992ರ ಡಿಸೆಂಬರ್ 10ಕ್ಕಿಂತ ಮೊದಲು ಹುಟ್ಟಿದವರಿಗೆ ತಂದೆಯ ಪೌರತ್ವ ಮಾತ್ರ ಪರಿಗಣನೆಗೆ ಬರುತ್ತಿತ್ತು. ಆ ದಿನದಿಂದ ತಾಯಿಯ ಪೌರತ್ವಕ್ಕೂ ಸಮಾನ ಮಾನ್ಯತೆ ದೊರೆಯಿತು. 2004ರ ಡಿಸೆಂಬರ್ 3ರಿಂದ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ವಿಳಂಬವಾದರೆ ಕೇಂದ್ರ ಸರ್ಕಾರದ ಅನುಮತಿ ಅಗತ್ಯ. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ-ತಾಯಿ ಘೋಷಿಸಬೇಕು. ಮುಂಡಗೋಡದಿಂದ ವಿದೇಶಗಳಿಗೆ ತೆರಳಿದ ಭಾರತೀಯ ಪೌರರಿಗೂ ಈ ನಿಯಮ ಅನ್ವಯಿಸುತ್ತದೆ.

ನೆರೆಯ ತಾಲ್ಲೂಕುಗಳೊಂದಿಗೆ ಹೋಲಿಕೆ

ಹಳಿಯಾಳ, ಮುಂಡಗೋಡ, ಯಲ್ಲಾಪುರ ಮತ್ತು ಜೋಯಿಡಾ ತಾಲ್ಲೂಕುಗಳಲ್ಲಿ ವಾಸಿಸುವ ಸಿದ್ದಿ ಸಮುದಾಯದ ಪೂರ್ವಜರು ಆಫ್ರಿಕಾದವರು. ಆದರೂ ಅವರ ಪೌರತ್ವ ಪ್ರಶ್ನಾತೀತ. ಸಂವಿಧಾನ ಜಾರಿಗೆ ಬಂದಾಗ ಅವರು ಇಲ್ಲಿಯೇ ಹುಟ್ಟಿ ನೆಲೆಸಿದ್ದುದರಿಂದ 5ನೆಯ ವಿಧಿಯಂತೆ ಪೌರರಾದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಸಿದ್ದಿಗಳನ್ನು ಮತ್ತು ಟಿಬೆಟನ್ನರನ್ನು ಹೋಲಿಸಿದಾಗ ಕಾನೂನು ನೋಡುವುದು ಮುಖಚಹರೆಯನ್ನಾಗಲಿ, ಮೂಲ ಖಂಡವನ್ನಾಗಲಿ ಅಲ್ಲ, ದಿನಾಂಕ ಮತ್ತು ನೆಲೆಯನ್ನು ಎಂಬುದು ಸ್ಪಷ್ಟವಾಗುತ್ತದೆ.

ಗೋವಾದ ಗಡಿಗೆ ತಾಗಿರುವ ಜೋಯಿಡಾದಲ್ಲಿಯೂ, ಸಮೀಪದ ದಾಂಡೇಲಿ ಮತ್ತು ಹಳಿಯಾಳಗಳಲ್ಲಿಯೂ ವಂಶದ ಪ್ರಶ್ನೆ ಬೇರೊಂದು ರೂಪದಲ್ಲಿ ಬರುತ್ತದೆ. 1961ರ ಡಿಸೆಂಬರ್ 19ರಂದು ಗೋವಾದಲ್ಲಿ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡಿತು. 1962ರ ಗೋವಾ, ದಮನ್ ಮತ್ತು ದಿಯು ಪೌರತ್ವ ಆದೇಶವು, ಮರುದಿನಕ್ಕಿಂತ ಮೊದಲು ಸ್ವತಃ ತಾವಾಗಲಿ, ತಂದೆ-ತಾಯಿಯರಲ್ಲಿ ಅಥವಾ ಅಜ್ಜ-ಅಜ್ಜಿಯರಲ್ಲಿ ಒಬ್ಬರಾಗಲಿ ಆ ಪ್ರದೇಶದಲ್ಲಿ ಹುಟ್ಟಿದ್ದರೆ ಅಂತಹವರನ್ನು ಭಾರತದ ಪೌರರೆಂದು ಘೋಷಿಸಿತು. ಹಿಂದಿನ ಪೌರತ್ವವನ್ನೇ ಉಳಿಸಿಕೊಳ್ಳಬಯಸುವವರಿಗೆ ಲಿಖಿತ ಘೋಷಣೆ ನೀಡಲು ಒಂದು ತಿಂಗಳ ಅವಕಾಶವಿತ್ತು.

ಇನ್ನೊಂದೆಡೆ, ಪೋರ್ಚುಗಲ್‌ನ 1981ರ ರಾಷ್ಟ್ರೀಯತಾ ಕಾನೂನಿನಂತೆ ಪೋರ್ಚುಗೀಸ್ ಪೌರರ ಮಕ್ಕಳು ಹೊರದೇಶದಲ್ಲಿ ಹುಟ್ಟಿದರೂ ಜನನವನ್ನು ಅಲ್ಲಿನ ನಾಗರಿಕ ನೋಂದಣಿಯಲ್ಲಿ ದಾಖಲಿಸಿ ಪೌರತ್ವ ಪಡೆಯಬಹುದು. ಪೋರ್ಚುಗೀಸ್ ಆಳ್ವಿಕೆಯ ಗೋವಾದಲ್ಲಿ ಹುಟ್ಟಿದವರ ಸಂತತಿಯ ಅನೇಕರು ಈ ಮಾರ್ಗವನ್ನು ಅನುಸರಿಸಿದ್ದಾರೆ. ಆದರೆ ಪೂರ್ವಜರು ಗಡಿಯ ಈಚೆಗೆ ಹುಟ್ಟಿದ್ದರೆ ಈ ಹಕ್ಕು ಬರುವುದಿಲ್ಲ. ಏಕೆಂದರೆ ಉತ್ತರ ಕನ್ನಡವು ಆಗ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ಭಾರತವು ದ್ವಿಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ, ಸ್ವಇಚ್ಛೆಯಿಂದ ವಿದೇಶಿ ಪೌರತ್ವ ಪಡೆದವರ ಭಾರತೀಯ ಪೌರತ್ವವು 9ನೆಯ ಕಲಮಿನಂತೆ ಕೊನೆಗೊಳ್ಳುತ್ತದೆ. ಅಂತಹವರು ಸಾಗರೋತ್ತರ ಭಾರತೀಯ ಪೌರ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು. ಆದರೆ ಅದು ಪೂರ್ಣ ಪೌರತ್ವವಲ್ಲ. ಅದರಿಂದ ಮತದಾನದ ಹಕ್ಕು ದೊರೆಯುವುದಿಲ್ಲ.

ಸಮುದಾಯದೊಳಗಿನ ಚರ್ಚೆ

ಭಾರತೀಯ ಪೌರತ್ವ ಪಡೆಯುವ ಕುರಿತು ಟಿಬೆಟನ್ ಸಮುದಾಯದಲ್ಲಿ ಎರಡು ಅಭಿಪ್ರಾಯಗಳಿವೆ. ನಿರಾಶ್ರಿತ ಸ್ಥಾನವು ಟಿಬೆಟ್‌ಗೆ ಮರಳುವ ಆಶಯದ ಸಂಕೇತವೆಂದೂ ಎಲ್ಲರೂ ಬೇರೆ ದೇಶದ ಪೌರರಾದರೆ ಹೋರಾಟದ ಬಲ ಕುಂದುತ್ತದೆಂದೂ ಒಂದು ಪಕ್ಷ ಹೇಳುತ್ತದೆ. ಉನ್ನತ ಶಿಕ್ಷಣ, ಸರ್ಕಾರಿ ಉದ್ಯೋಗ, ಆಸ್ತಿ ಮತ್ತು ಪ್ರಯಾಣದ ಅನುಕೂಲಗಳಿಂದ ಮಕ್ಕಳು ವಂಚಿತರಾಗಬಾರದೆಂದೂ ಪೌರತ್ವ ಪಡೆದ ಮಾತ್ರಕ್ಕೆ ಟಿಬೆಟನ್ ಭಾಷೆ, ಧರ್ಮ, ಸಂಸ್ಕೃತಿಗಳು ಅಳಿಯುವುದಿಲ್ಲವೆಂದೂ ಇನ್ನೊಂದು ಪಕ್ಷ ವಾದಿಸುತ್ತದೆ.

ದೇಶಭ್ರಷ್ಟ ಟಿಬೆಟನ್ನರು 1991ರಲ್ಲಿ ಅಂಗೀಕರಿಸಿದ ಸನ್ನದು ಟಿಬೆಟನ್ ಪೌರತ್ವವನ್ನು ವಂಶ ತತ್ತ್ವದ ಮೇಲೆ ನಿರ್ಧರಿಸುತ್ತದೆ. ತಂದೆ ಅಥವಾ ತಾಯಿ ಟಿಬೆಟನ್ ಮೂಲದವರಾಗಿದ್ದರೆ ಸಾಕು, ಹುಟ್ಟಿದ ದೇಶ ಮುಖ್ಯವಲ್ಲ. ಹೀಗೆ ಮುಂಡಗೋಡದಲ್ಲಿ 1987ಕ್ಕೆ ಮೊದಲು ಹುಟ್ಟಿದ ವ್ಯಕ್ತಿಯು ನೆಲದ ಮೂಲಕ ಭಾರತೀಯನೂ ವಂಶದ ಮೂಲಕ ಟಿಬೆಟನ್ನನೂ ಆಗಿರುತ್ತಾನೆ.

ಅಗತ್ಯ ದಾಖಲೆಗಳು

ಹುಟ್ಟಿನಿಂದ ಬರುವ ಪೌರತ್ವಕ್ಕೆ ಪ್ರತ್ಯೇಕ ಅರ್ಜಿ ಬೇಕಿಲ್ಲ. ಆದರೆ ಹುಟ್ಟಿದ ದಿನಾಂಕ ಮತ್ತು ಸ್ಥಳವನ್ನು ದಾಖಲೆಯಿಂದ ತೋರಿಸಬೇಕಾಗುತ್ತದೆ. ನೆಲೆಯ ಆರಂಭದ ವರ್ಷಗಳಲ್ಲಿ ಹೆರಿಗೆಗಳು ಮನೆಯಲ್ಲಿಯೇ ಆಗುವುದು ಸಾಮಾನ್ಯವಾಗಿದ್ದುದರಿಂದ ಜನನ ನೋಂದಣಿ ಇಲ್ಲದಿರುವುದು ದೊಡ್ಡ ಅಡಚಣೆಯಾಗುತ್ತದೆ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯು ವಿಳಂಬ ನೋಂದಣಿಗೆ ಅವಕಾಶ ನೀಡಿದೆ. ಒಂದು ವರ್ಷ ಮೀರಿದ ಜನನಗಳಿಗೆ ದಂಡಾಧಿಕಾರಿಯ ಆದೇಶ ಅಗತ್ಯ. ಎರಡನೆಯ ಮತ್ತು ಮೂರನೆಯ ಕಾಲಾವಧಿಯಲ್ಲಿ ಹುಟ್ಟಿದವರು ತಮ್ಮ ಜನನ ಪ್ರಮಾಣಪತ್ರದ ಜೊತೆಗೆ ತಂದೆ ಅಥವಾ ತಾಯಿಯ ಪೌರತ್ವವನ್ನು ತೋರಿಸುವ ದಾಖಲೆಗಳನ್ನೂ ಒದಗಿಸಬೇಕು. ಆದ್ದರಿಂದ ಹಿರಿಯರ ಜನನ ದಾಖಲೆ ಸರಿಯಾಗಿರುವುದು ಕಿರಿಯರ ಹಕ್ಕಿಗೂ ಆಧಾರವಾಗುತ್ತದೆ. ಆಧಾರ್ ಸಂಖ್ಯೆಯು ಪೌರತ್ವಕ್ಕೆ ಪುರಾವೆಯಲ್ಲ. ಪೌರತ್ವದ ಬಗ್ಗೆ ಸಂದೇಹವಿದ್ದಲ್ಲಿ ಪೌರತ್ವ ಕಾಯ್ದೆಯ 13ನೆಯ ಕಲಮಿನಡಿ ಕೇಂದ್ರ ಸರ್ಕಾರವು ಪ್ರಮಾಣಪತ್ರ ನೀಡಬಹುದು.